ಕೂಸುಗಳನ್ನು ಸಾಕಿದವರು

1930ರ ದಶಕದ ಮಾತು. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲೊಂದು ಸರ್ಕಾರಿ ಅನಾಥಾಲಯ. ಅಲ್ಲಿ ಎಳೆಗೂಸುಗಳ ತೊಟ್ಟಿಲ ಸುತ್ತ ಬಿಳಿ ಬಟ್ಟೆಯ ಮರೆ ಕಟ್ಟುತ್ತಿದ್ದರು. ಪಕ್ಕದ ಕೂಸಿನ ಮುಖವೂ ಕಾಣುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಹಾಲು, ಹೊತ್ತಿಗೆ ಸರಿಯಾಗಿ ಬಟ್ಟೆ. ಎತ್ತಿ ಆಡಿಸಲು ಮಾತ್ರ ಯಾರಿಗೂ ಪುರಸೊತ್ತಿಲ್ಲ. ಅಲ್ಲಿದ್ದ ಎರಡು ಹೆಣ್ಣುಕೂಸುಗಳಿಗೆ 13 ಮತ್ತು 16 ತಿಂಗಳಾಗಿದ್ದರೂ ಬೆಳವಣಿಗೆ ಆರೇಳು ತಿಂಗಳ ಮಕ್ಕಳಷ್ಟೇ ಆಗಿತ್ತು. ದಿನವಿಡೀ ಕೂತಲ್ಲೇ ತೂಗಾಡುತ್ತ ಕುಂಯ್‌ಗುಡುತ್ತಿದ್ದವು. ಇವಕ್ಕೆ ಬುದ್ಧಿ ಬೆಳೆಯುವುದಿಲ್ಲವೆಂದು ತೀರ್ಮಾನಿಸಿ, ವುಡ್‌ವರ್ಡ್‌ನಲ್ಲಿ ಬೌದ್ಧಿಕ ಅಂಗವೈಕಲ್ಯವಿರುವವರನ್ನು ಇರಿಸುತ್ತಿದ್ದ ಸಂಸ್ಥೆಗೆ ಕಳುಹಿಸಿದರು. ಅಲ್ಲಿ ಅವಕ್ಕೆ ಸಿಕ್ಕಿದ್ದು ದೊಡ್ಡ ಹೆಂಗಸರ ವಾರ್ಡು. ಹೆಂಗಸರ ವಯಸ್ಸು 18ರಿಂದ 50. ಅವರ ಮಾನಸಿಕ ವಯಸ್ಸು 5ರಿಂದ 9 ಎಂದು ದಾಖಲೆಯಲ್ಲಿತ್ತು.

ಕೆಲವು ತಿಂಗಳ ನಂತರ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಸ್ಕೀಲ್ಸ್ ಆ ವಾರ್ಡಿಗೆ ಹೋದಾಗ ನಗುತ್ತ ಓಡಾಡುತ್ತಿದ್ದ ಎರಡು ಚುರುಕು ಮಕ್ಕಳು ಕಣ್ಣಿಗೆ ಬಿದ್ದವು. ಅವೇ ಕೂಸುಗಳೆಂದು ಅವರಿಗೆ ನಂಬಲಾಗಲಿಲ್ಲ. ಮತ್ತೆ ಪರೀಕ್ಷಿಸಿದರು. ಬೆಳವಣಿಗೆ ನಿಜವಾಗಿಯೂ ಜಿಗಿದಿತ್ತು.

ಆದದ್ದಿಷ್ಟೆ. ವಾರ್ಡಿನ ಹೆಂಗಸರು ಕೂಸುಗಳನ್ನು ನೆಲಕ್ಕೆ ಬಿಡದಂತೆ ಸಾಕಿದ್ದರು. ಮಾತಾಡಿಸಿದರು, ನಡೆಯಲು ಕಲಿಸಿದರು, ಒಂದೇ ಆಟವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಆಡಿದರು. ಸ್ಕೀಲ್ಸ್ ಇದನ್ನೇ ಮುಂದುವರಿಸಿ, ಮೂರು ವರ್ಷದೊಳಗಿನ ಇನ್ನಷ್ಟು ಮಕ್ಕಳನ್ನು ‘ಅತಿಥಿ’ಗಳೆಂಬ ಹೆಸರಿನಲ್ಲಿ ಇಂಥ ವಾರ್ಡುಗಳಿಗೆ ಕಳುಹಿಸಿದರು, ಒಟ್ಟು 13 ಮಕ್ಕಳಾದರು. ಅನೇಕ ಕೂಸುಗಳಿಗೆ ಒಬ್ಬೊಬ್ಬ ಹೆಂಗಸು ತಾಯಿಯೇ ಆಗಿಬಿಟ್ಟಳು. ತಮಗೆ ಸಿಗುತ್ತಿದ್ದ ಚಿಲ್ಲರೆ ಕೈಖರ್ಚಿನಲ್ಲೇ ಈ ಹೆಂಗಸರು ಆಟಿಕೆ, ಚಿತ್ರದ ಪುಸ್ತಕ, ಅಂಗಿಗೆ ಬಟ್ಟೆ ಕೊಳ್ಳುತ್ತಿದ್ದರು. 1939ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಈ ಮಕ್ಕಳ ಬುದ್ಧಿಸೂಚ್ಯಂಕ ಸರಾಸರಿ 27.5 ಅಂಕ ಏರಿತ್ತು. ಅನಾಥಾಲಯದಲ್ಲೇ ಉಳಿದಿದ್ದ 12 ಮಕ್ಕಳದು 26.2 ಅಂಕ ಇಳಿದಿತ್ತು. ದಶಕಗಳ ಬಳಿಕ ಸ್ಕೀಲ್ಸ್ ಎಲ್ಲರನ್ನೂ ಹುಡುಕಿ ನೋಡಿದರು. 1966ರ ಅವರ ವರದಿಯಂತೆ ಆ 13 ಮಂದಿಯೂ ಸ್ವತಂತ್ರವಾಗಿ ಬಾಳುತ್ತಿದ್ದರು.

ಈ ಅಧ್ಯಯನಕ್ಕೆ ತಕರಾರುಗಳೂ ಬಂದಿವೆ. ಮಕ್ಕಳ ಸಂಖ್ಯೆ ಕಡಿಮೆ. 13ರಲ್ಲಿ 11 ಮಕ್ಕಳನ್ನು ಆಮೇಲೆ ಕುಟುಂಬಗಳು ದತ್ತು ತೆಗೆದುಕೊಂಡಿದ್ದರಿಂದ ಆ ಮನೆಗಳ ಪಾಲೂ ಇದರಲ್ಲಿದೆ. ವಾರ್ಡಿನ ಸಿಬ್ಬಂದಿಯೂ ಮಕ್ಕಳನ್ನು ಮುದ್ದಿಸುತ್ತಿದ್ದರು. ಇವನ್ನೆಲ್ಲ ಒಪ್ಪಿದರೂ ಮೊದಲ ತಿಂಗಳುಗಳ ಆ ಜಿಗಿತ ಹಾಗೇ ಉಳಿಯುತ್ತದೆ. ಮಗುವಿನ ಮನಸ್ಸು ಒಡನಾಟದಿಂದ ಬೆಳೆಯುತ್ತದೆ ಎನ್ನಲು ಪಠ್ಯಪುಸ್ತಕಗಳು ಇಂದಿಗೂ ಈ ಕಥೆ ಹೇಳುತ್ತವೆ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. 1968ರಲ್ಲಿ ಸ್ಕೀಲ್ಸ್‌ಗೆ ಕೆನಡಿ ಪ್ರತಿಷ್ಠಾನದ ಪ್ರಶಸ್ತಿ ಬಂತು. ಮಕ್ಕಳನ್ನು ಸಾಕಿದ ಹೆಂಗಸರಿಗೆ ಕೂಲಿಯಿಲ್ಲ, ಹುದ್ದೆಯಿಲ್ಲ, ಪುಸ್ತಕಗಳಲ್ಲಿ ಹೆಸರೂ ಇಲ್ಲ. ಅವರು ಮಾಡಿದ್ದು ಕೆಲಸವೆಂದು ಯಾರಿಗೂ ಅನ್ನಿಸಲೇ ಇಲ್ಲ.

ಅದನ್ನು ಕೆಲಸವೆಂದು ಎಣಿಸಿದ ಊರೂ ಒಂದಿದೆ: ಅರ್ಜೆಂಟೀನಾದ ಕೋರ್ಡೊಬಾ. ಡೌನ್ ಸಿಂಡ್ರೋಮ್ ಇರುವ ನೊಯೆಲಿಯಾ ಗರೆಲ್ಲಾ ಅಲ್ಲಿ ಶಿಶುವಿಹಾರದ ಶಿಕ್ಷಕಿ. ಚಿಕ್ಕವರಿದ್ದಾಗ ಒಂದು ಶಿಶುವಿಹಾರ ‘ರಾಕ್ಷಸಿ’ ಎಂದು ಹೀಗಳೆದು ಅವರನ್ನು ಸೇರಿಸಿಕೊಂಡಿರಲಿಲ್ಲ. ಅವರು ಓದಿ ಶಿಕ್ಷಕಿಯ ಅರ್ಹತೆ ಪಡೆದರು. 2012ರಲ್ಲಿ ಪುಟಾಣಿಗಳಿಗೆ ಕಥೆ ಓದಿ ಹೇಳುವ ಕೆಲಸಕ್ಕೆ ಸೇರಿದರು, ನಂತರ 2-3 ವರ್ಷದ ಮಕ್ಕಳ ತರಗತಿಯೇ ಅವರದಾಯಿತು. ನೇಮಕಕ್ಕೆ ಆರಂಭದಲ್ಲಿ ವಿರೋಧವಿತ್ತು. ಆ ವಯಸ್ಸಿನ ಮಕ್ಕಳಿಗೆ ಯಾವ ಅಳುಕೂ ಇರಲಿಲ್ಲ. ಕಥೆ ಚೆನ್ನಾಗಿ ಹೇಳುವವರ ತೊಡೆಯ ಹತ್ತಿರ ಜಾಗ ಹಿಡಿಯುವುದೇ ಅವರ ಕಾಳಜಿ.

ಬೌದ್ಧಿಕ ಅಂಗವೈಕಲ್ಯವಿರುವವರು ಮಕ್ಕಳನ್ನು ನೋಡಿಕೊಳ್ಳಲು ಪ್ರೀತಿಯೊಂದಿದ್ದರೆ ಸಾಕು ಎಂದುಕೊಳ್ಳುವುದು ತಪ್ಪು. ಕೆಲಸ ಕಲಿಸಬೇಕು, ಕಲಿಸುವ ವಿಧಾನವೂ ಗೊತ್ತಿರಬೇಕು. 1970ರ ದಶಕದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಎಂಬವರು, ಏನೂ ಕಲಿಯಲಾರರೆಂದು ಜನ ಕೈಬಿಟ್ಟವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸಲು ಕಲಿಸಿದರು. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯುವುದು, ಮಾತು ಕಡಿಮೆ ಮಾಡಿ ಕೈಯಲ್ಲಿ ಮಾಡಿ ತೋರಿಸುವುದು, ಕಲಿಯದಿದ್ದರೆ ಕಲಿಸುವ ದಾರಿಯನ್ನು ಬದಲಿಸುವುದು ಅವರ ಪದ್ಧತಿ. ಕೂಸಿನ ಒದ್ದೆ ಬಟ್ಟೆ ಬದಲಿಸುವುದನ್ನು ಇದೇ ರೀತಿ ಒಡೆದು ನೋಡಿ. ಮೊದಲು ಕೈ ತೊಳೆಯಬೇಕು. ಒಣಬಟ್ಟೆ, ಬೆಚ್ಚನೆಯ ನೀರು, ಒರೆಸುವ ಬಟ್ಟೆ ಮೂರನ್ನೂ ಕೈಗೆಟುಕುವಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಮಗುವನ್ನು ಚಾಪೆಯ ಮೇಲೆ ಮಲಗಿಸಬೇಕು. ಮುಗಿಯುವವರೆಗೆ ಒಂದು ಕೈ ಮಗುವಿನ ಮೇಲಿರಬೇಕು. ಹಂತಕ್ಕೊಂದರಂತೆ ಚಿತ್ರ ಬರೆದು ಗೋಡೆಗೆ ಅಂಟಿಸಿದರೆ ಮರೆವಿಗೂ ಗಾಬರಿಗೂ ಎಡೆಯಿರುವುದಿಲ್ಲ. ನಾಲ್ಕನೆಯ ದಿನಕ್ಕೆ ಬಿಟ್ಟುಬಿಡುವ ಹಂತಗಳನ್ನು ನಾವೆಲ್ಲ ಬಲ್ಲೆವು; ಹೀಗೆ ಕಲಿತವರಲ್ಲಿ ಅನೇಕರು ಒಂದನ್ನೂ ಬಿಡುವುದಿಲ್ಲ.

ಆರಂಭದಲ್ಲಿ ಪಕ್ಕದಲ್ಲೇ ನಿಂತು ಕಲಿಸುವವರು ಬೇಕು; ಅವರು ದಿನಕಳೆದಂತೆ ಹಿಂದೆ ಸರಿಯಬೇಕು. ಔಷಧದ ಪ್ರಮಾಣ, ಹಾಜರಿ ಬರವಣಿಗೆ, ಮಗುವಿಗೆ ಫಿಟ್ಸ್ ಬಂದಾಗಿನ ತುರ್ತು ನಿರ್ಧಾರ ಜೊತೆಗಾರರ ಪಾಲಿಗಿರಲಿ. ಎಳೆ ಮಕ್ಕಳ ಗುಂಪನ್ನು ಒಬ್ಬರ ಮೇಲೇ ಬಿಡುವುದು, ಆ ಒಬ್ಬರು ಯಾರೇ ಆಗಿರಲಿ, ಸರಿಯಲ್ಲ. ಬೌದ್ಧಿಕ ಅಂಗವೈಕಲ್ಯವಿರುವ ಎಲ್ಲರಿಗೂ ಈ ಕೆಲಸ ಒಗ್ಗುವುದೂ ಇಲ್ಲ. ಅಳುವಿನ ಸದ್ದು ಕೆಲವರಿಗೆ ತಡೆಯಲಾಗದು, ಕೆಲವರಿಗೆ ಮಕ್ಕಳೆಂದರೆ ಆಸಕ್ತಿಯೇ ಇಲ್ಲ. ಕೇಳಿ, ನೋಡಿ, ವಾರಗಟ್ಟಲೆ ಮಾಡಿಸಿ ತಿಳಿಯಬೇಕು.

ನಮ್ಮ ದೇಶದಲ್ಲಿ ಇಂಥವರ ನೇಮಕಕ್ಕೆ ಕಾನೂನಿನ ಬಲವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಿಟ್ಟಿದೆ. ಅದರಲ್ಲಿ ಶೇ. 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಇರುವವರಿಗೂ ಬಹುವಿಧ ಅಂಗವೈಕಲ್ಯವಿರುವವರಿಗೂ ಸೇರಿ. ಕೆಲಸದ ಸ್ಥಳದಲ್ಲಿ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಬೌದ್ಧಿಕ ಅಂಗವೈಕಲ್ಯವಿರುವವರು 15 ಲಕ್ಷಕ್ಕೂ ಹೆಚ್ಚು. ಅನೇಕ ಮನೆಗಳಲ್ಲಿ ಇವರೇ ತಮ್ಮನ, ತಂಗಿಯ, ಅಣ್ಣನ ಮಕ್ಕಳನ್ನು ಎತ್ತಿ ಬೆಳೆಸಿರುತ್ತಾರೆ, ಬಿಟ್ಟಿಯಾಗಿ, ಅಯೋವಾದ ಹೆಂಗಸರಂತೆಯೇ.

ನರೇಗಾ ಕೂಲಿಕಾರ ಹೆಂಗಸರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿತು. ಅಂಗನವಾಡಿಗಳಂತೂ ಊರೂರಿನಲ್ಲಿವೆ. ಇಂಥ ಕಡೆ ಸಹಾಯಕಿಯ ಜೊತೆಗೆ ತರಬೇತಿ ಪಡೆದ ಇಂಥ ಒಬ್ಬರಿದ್ದರೆ ಮಕ್ಕಳನ್ನು ಎತ್ತುವ ಕೈ ಹೆಚ್ಚುತ್ತದೆ. ಅವರಿಗೆ ನೇಮಕ ಪತ್ರ ಕೊಡಬೇಕು, ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಬೇಕು, ಕನಿಷ್ಠ ವೇತನ ಅವರದೇ ಹೆಸರಿನ ಬ್ಯಾಂಕ್ ಖಾತೆಗೆ ತಿಂಗಳು ತಿಂಗಳೂ ಬೀಳಬೇಕು. ಗೌರವಧನ, ಸೇವೆ, ಪುಣ್ಯ ಎಂದು ಹೇಳಿ ಅದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಬಾರದು.