ಬಾಣಂತಿಯ ಬೆಳ್ಳುಳ್ಳಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಅಟ್ಟದ ಕೊಬ್ಬರಿಗೆ ಎರಡು ಲೆಕ್ಕ. ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ಎಪಿಎಂಸಿ ಹರಾಜಿಗೆ ಹೋಗುವುದು ಒಂದು, ಮಗಳ ಬಾಣಂತನಕ್ಕೆಂದು ಎತ್ತಿಡುವುದು ಇನ್ನೊಂದು. ಎತ್ತಿಟ್ಟ ಕೊಬ್ಬರಿಗೆ ಜೊತೆಯಾಗುವುದು ಸಂತೆಯ ಬೆಳ್ಳುಳ್ಳಿ. ಇಡೀ ಎಸಳನ್ನು ತುಪ್ಪದಲ್ಲಿ ಹುರಿದು, ಕೊಬ್ಬರಿ, ಮೆಣಸು, ಜೀರಿಗೆ ಸೇರಿಸಿ ಕುಟ್ಟಿದರೆ ಬಾಣಂತಿ ಖಾರ. ಹಾಲು ಹೆಚ್ಚುತ್ತದೆ, ವಾಯು ಆಗಲ್ಲ ಎನ್ನುತ್ತಾರೆ ಅಜ್ಜಿಯರು. ದಿನದ ಅಡುಗೆಯಲ್ಲಿ ಬೆಳ್ಳುಳ್ಳಿ ಮುಟ್ಟದ ಎಷ್ಟೋ ಮನೆಗಳಲ್ಲೂ ಬಾಣಂತಿಗೆ ರಿಯಾಯಿತಿ ಉಂಟು.

ಈ ರಿಯಾಯಿತಿಗೆ ಹಳೆಯ ಕತೆಯೊಂದು ಹೊಂದುತ್ತದೆ. ಮಕ್ಕಳ ವೈದ್ಯಕ್ಕೆ ಹೆಸರಾದ ಕಾಶ್ಯಪ ಸಂಹಿತೆಯಲ್ಲಿ ಬೆಳ್ಳುಳ್ಳಿಗೆಂದೇ ‘ಲಶುನಕಲ್ಪ’ ಎಂಬ ಅಧ್ಯಾಯವಿದೆ. ಅದರ ಪ್ರಕಾರ, ಮಕ್ಕಳಾಗದ ಮಡದಿ ಶಚಿಗೆ ಇಂದ್ರ ಅಮೃತ ಕುಡಿಸಿದ. ಅವಳು ತೇಗಿದಾಗ ಹನಿಯೊಂದು ಕೊಳಕು ನೆಲಕ್ಕೆ ಬಿದ್ದು ಬೆಳ್ಳುಳ್ಳಿಯಾಯಿತು. ಗುಣ ಅಮೃತದ್ದು, ನಾತ ನೆಲದ್ದು! ಮಧ್ಯ ಏಷ್ಯಾದ ಕುಚಾದಲ್ಲಿ 1890ರಲ್ಲಿ ಸಿಕ್ಕ ಬೋವರ್ ಹಸ್ತಪ್ರತಿ ಎಂಬ ಹಳೆಯ ಗ್ರಂಥದ ವೈದ್ಯಭಾಗವೂ ಬೆಳ್ಳುಳ್ಳಿಯಿಂದಲೇ ಶುರುವಾಗುತ್ತದೆ. ನಮ್ಮ ಅಜ್ಜಿಯರು ಇದನ್ನೆಲ್ಲ ಓದಿದವರಲ್ಲ, ಬಿಡಿ.

ಆ ನಾತದ ಗುಟ್ಟು ಬಿಚ್ಚಿದ್ದು 1944ರಲ್ಲಿ. ಅಮೆರಿಕದ ಕ್ಯಾವಲಿಟೋ ಮತ್ತು ಬೈಲಿ ಅಲಿಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ, ಅದು ಬ್ಯಾಕ್ಟೀರಿಯಾ ಕೊಲ್ಲುವುದನ್ನು ತೋರಿಸಿದರು. ಇಡೀ ಎಸಳಿನಲ್ಲಿ ಅಲಿಸಿನ್ ಇರುವುದಿಲ್ಲ. ಜಜ್ಜಿದಾಗ ಒಳಗಿನ ಕಿಣ್ವ ಎಸಳಲ್ಲೇ ಇರುವ ಅಲಿಯಿನ್ ಎಂಬ ವಸ್ತುವಿಗೆ ತಾಗಿ ಅದು ಹುಟ್ಟುತ್ತದೆ. ಜಜ್ಜದೆ ಹುರಿದರೆ ಬಿಸಿಗೆ ಕಿಣ್ವವೇ ಕೆಟ್ಟುಹೋಗುತ್ತದೆ. ಬಾಣಂತಿ ಖಾರ ಬಾಯಿಗೆ ಹಿತವಾಗುವುದು ಅದಕ್ಕೇ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಎಂದು ಅದನ್ನು ಹೊಗಳಲಾಗದಿರುವುದೂ ಅದಕ್ಕೇ.

ಹಾಲಿನ ಮಾತು? ಫಿಲಡೆಲ್ಫಿಯಾದ ಮೆನೆಲ್ಲಾ ಮತ್ತು ಬೋಶಾಂಪ್ 1991ರಲ್ಲಿ ಹಾಲೂಡಿಸುವ ತಾಯಂದಿರಿಗೆ ಬೆಳ್ಳುಳ್ಳಿ ಮಾತ್ರೆ ಕೊಟ್ಟು ನೋಡಿದರು. ಸುಮಾರು ಎರಡು ಗಂಟೆಯಲ್ಲಿ ಹಾಲಿಗೆ ವಾಸನೆ ಗಾಢವಾಗಿ ಹತ್ತಿತು, ಮಕ್ಕಳು ಹೆಚ್ಚು ಹೊತ್ತು ಮೊಲೆ ಚೀಪಿದರು. ಎರಡು ವರ್ಷದ ನಂತರ ಅವರೇ ಮಾಡಿದ ಪ್ರಯೋಗದಲ್ಲಿ, ಆ ವಾಸನೆ ಆಗಲೇ ರೂಢಿಯಾಗಿದ್ದ ಕೂಸುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಜ್ಜಿಯ ಮಾತು ಅರ್ಧ ಗೆದ್ದಿತು ಎನ್ನೋಣ.

ಎಚ್ಚರಿಕೆಯ ಮಾತೂ ಉಂಟು: ಬೆಳ್ಳುಳ್ಳಿ ರಕ್ತ ಹೆಪ್ಪುಗಟ್ಟುವುದನ್ನು ತುಸು ತಡೆಯುತ್ತದೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ಶಸ್ತ್ರಚಿಕಿತ್ಸೆಗೆ ಹೊರಟವರು ಅದನ್ನು ಹೆಚ್ಚಾಗಿ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಇನ್ನೊಂದು ಮಾತು: ಹಸಿ ಬೆಳ್ಳುಳ್ಳಿ ಜಜ್ಜಿ ಕೂಸಿನ ಎದೆಗೋ ಪಾದಕ್ಕೋ ಕಟ್ಟಬೇಡಿ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.