ತಾಮ್ರಯುಗ್ಮವುಳ್ಳ ಪ್ರೋಟೀನುಗಳ ರಚನೆ ಮತ್ತು ಕ್ರಿಯೆ

ಶ್ರೀನಿವಾಸಪುರದ ಮಾವಿನ ಕಾಯನ್ನು ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಹೋಳಿನ ಮೈ ಕಂದುತ್ತದೆ. ಮುಳಬಾಗಿಲಿನ ಹುಳುಮನೆಯಲ್ಲಿ ಗಾಯಗೊಂಡ ರೇಷ್ಮೆಹುಳುವಿನ ರಕ್ತರಸವು ಗಾಳಿಗೆ ಸೋಕಿ ಕಪ್ಪಾಗುತ್ತದೆ. ಕೋಲಾರ, ಮಾಲೂರುಗಳ ಕೆರೆಯಂಚಿನ ಏಡಿಯ ರಕ್ತವಾದರೋ ಆಮ್ಲಜನಕವನ್ನು ಹಿಡಿದು ನಸುನೀಲಿಯಾಗುತ್ತದೆ. ಈ ಮೂರಕ್ಕೂ ಕಾರಣ ಪ್ರೋಟೀನಿನೊಳಗೆ ಜೊತೆಯಾಗಿ ನಿಂತಿರುವ ಎರಡು ತಾಮ್ರದ ಪರಮಾಣುಗಳು. ಲೋಹ ಒಂದೇ ಆಗಿರುವಾಗ ಕ್ರಿಯೆ ಬೇರೆಬೇರೆಯಾಗುವುದೇಕೆ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮಾವು, ಬದನೆ, ಆಲೂಗೆಡ್ಡೆಗಳಲ್ಲಿ ಈ ಕೆಲಸ ಮಾಡುವ ಕಿಣ್ವಕ್ಕೆ ಪಾಲಿಫೀನಾಲ್ ಆಕ್ಸಿಡೇಸ್ ಎಂದು ಹೆಸರು. ಇದರ ಬಳಗಕ್ಕೇ ಸೇರಿದ ಗೆಣಸಿನ ಕಿಣ್ವದ ಸ್ಫಟಿಕರಚನೆಯು 1998ರಲ್ಲಿ ಪ್ರಕಟವಾದ ಮೇಲೆ ವಿಷಯ ಬಹುಮಟ್ಟಿಗೆ ಸ್ಪಷ್ಟವಾಯಿತು. ಪ್ರತಿಯೊಂದು ತಾಮ್ರವನ್ನೂ ಮೂರು ಹಿಸ್ಟಿಡೀನುಗಳು ಹಿಡಿದಿವೆ. ಉತ್ಕರ್ಷಿತ ಸ್ಥಿತಿಯಲ್ಲಿ ತಾಮ್ರಗಳ ನಡುವಣ ಅಂತರ ಸುಮಾರು 2.9 ಆಂಗ್‌ಸ್ಟ್ರಾಂ, ಅಪಕರ್ಷಿತ ಸ್ಥಿತಿಯಲ್ಲಿ ಅದು 4.4ಕ್ಕೆ ಹಿಗ್ಗುತ್ತದೆ. ಆಮ್ಲಜನಕದ ಅಣುವೊಂದು ಈ ಎಡೆಯಲ್ಲಿ ಅಡ್ಡಲಾಗಿ ಕೂರುತ್ತದೆ. ಆಗ ತಾಮ್ರಗಳೆರಡೂ ಒಂದೊಂದು ಎಲೆಕ್ಟ್ರಾನನ್ನು ಕೊಟ್ಟು ಅದನ್ನು ಪೆರಾಕ್ಸೈಡ್ ಸ್ಥಿತಿಗೆ ತರುತ್ತವೆ. ಇಲ್ಲಿಯವರೆಗೆ ಮಾವಿಗೂ ಏಡಿಗೂ ಭೇದವಿಲ್ಲ.

ಭೇದವಿರುವುದು ಬಾಗಿಲಿನಲ್ಲಿ. ಮಾವಿನ ಜೀವಕೋಶದಲ್ಲಿ ಕಿಣ್ವವೊಂದು ಕೋಣೆಯಲ್ಲಿ, ಫೀನಾಲುಗಳು ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಕತ್ತಿ ತಗುಲಿದೊಡನೆ ಎರಡೂ ಬೆರೆಯುತ್ತವೆ. ಫೀನಾಲು ತಾಮ್ರದ ಸಮೀಪಕ್ಕೆ ಬಂದು ತನ್ನ ಹೈಡ್ರೊಜನ್ನುಗಳನ್ನು ಕಳೆದುಕೊಂಡು ಕ್ವಿನೋನ್ ಆಗುತ್ತದೆ. ಕ್ವಿನೋನುಗಳು ಒಂದಕ್ಕೊಂದು ಹೆಣೆದುಕೊಂಡು ಕಂದುಬಣ್ಣದ ವಸ್ತುವಾಗುತ್ತವೆ.

ಏಡಿಯ ಹೀಮೊಸಯನಿನ್ನಿನಲ್ಲಾದರೆ ಪ್ರೋಟೀನಿನದೇ ಒಂದು ಭಾಗವು ತಾಮ್ರಗಳ ದಾರಿಗೆ ಅಡ್ಡವಾಗಿ ನಿಂತಿದೆ. ಆಮ್ಲಜನಕದ ಪುಟ್ಟ ಅಣು ನುಸುಳಬಲ್ಲದು, ದಪ್ಪನೆಯ ಫೀನಾಲು ನುಸುಳಲಾರದು. ಆದುದರಿಂದ ಆಮ್ಲಜನಕವು ಬಂದಂತೆಯೇ ಬಿಡುಗಡೆಯಾಗುತ್ತದೆ. ಇದು ಬರಿಯ ಊಹೆಯಲ್ಲ: ಏಡಿ, ಜೇಡಗಳ ಹೀಮೊಸಯನಿನ್ನಿಗೆ ಪ್ರಯೋಗಶಾಲೆಯಲ್ಲಿ ಸೋಡಿಯಂ ಡೋಡೆಸಿಲ್ ಸಲ್ಫೇಟನ್ನು ಬೆರೆಸಿ ಮಡಿಕೆಯನ್ನು ಸಡಿಲಿಸಿದರೆ, ಅದೂ ಫೀನಾಲನ್ನು ಉತ್ಕರ್ಷಿಸತೊಡಗುತ್ತದೆ. ಸಾಗಣೆಯವನು ಕುಶಲಕರ್ಮಿಯಾಗುತ್ತಾನೆನ್ನೋಣ!

ರೇಷ್ಮೆಹುಳು ಇವೆರಡರ ನಡುವಿನದು. ಅದರ ಕಿಣ್ವವು ವಂಶದಲ್ಲಿ ಏಡಿಯ ಪ್ರೋಟೀನಿಗೆ ನಂಟು, ವೃತ್ತಿಯಲ್ಲಿ ಮಾವಿನದಕ್ಕೆ ನಂಟು. ಆರೋಗ್ಯವಂತ ಹುಳುವಿನಲ್ಲಿ ಅದು ನಿಷ್ಕ್ರಿಯವಾಗಿರುತ್ತದೆ. ಗಾಯವಾದಾಗಲೋ ರೋಗಾಣು ಹೊಕ್ಕಾಗಲೋ ಬೇರೊಂದು ಕಿಣ್ವವು ಅದರ ತುದಿಯ ತುಣುಕೊಂದನ್ನು ಕತ್ತರಿಸುತ್ತದೆ, ಬಾಗಿಲು ತೆರೆಯುತ್ತದೆ. ಆಗ ಹುಟ್ಟುವ ಕಪ್ಪುದ್ರವ್ಯ ಗಾಯವನ್ನು ಮುಚ್ಚುತ್ತದೆ, ರೋಗಾಣುವನ್ನು ಸುತ್ತುವರಿಯುತ್ತದೆ. ಈ ಕಿಣ್ವ ಸದಾ ಎಚ್ಚರವಾಗಿದ್ದರೆ ಹುಳುವಿನ ಮೈಯೇ ಹಾಳಾದೀತು.

ಅಡಿಗೆಮನೆಯ ವಾಡಿಕೆಗಳಿಗೂ ಇದೇ ವಿವರಣೆ ಸಲ್ಲುತ್ತದೆ. ಹೋಳಿಗೆ ನಿಂಬೆರಸ ಹಿಂಡಿದಾಗ ಹಿಸ್ಟಿಡೀನುಗಳು ಹೈಡ್ರೊಜನ್ ಅಯಾನುಗಳನ್ನು ಹೊತ್ತು ತಾಮ್ರದ ಮೇಲಣ ಹಿಡಿತವನ್ನು ಸಡಿಲಿಸತೊಡಗುತ್ತವೆ; ನಿಂಬೆಯಲ್ಲಿರುವ ಸಿ ಜೀವಸತ್ವವು ಕ್ವಿನೋನನ್ನು ಮರಳಿ ಫೀನಾಲಾಗಿಸುತ್ತದೆ. ತೋಟದಲ್ಲಿ ಸಮಸ್ಯೆ ಇನ್ನೂ ಗಡುಸಾದುದು. ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ತೈಲಾಂಶವು ಸಿಪ್ಪೆಯೊಳಕ್ಕಿಳಿದು ಜೀವಕೋಶಗಳನ್ನು ಕೆಡಿಸುತ್ತದೆ. ಬೇರೆಯಾಗಿದ್ದ ಕಿಣ್ವವೂ ಫೀನಾಲೂ ಅಲ್ಲಿ ಕೂಡುತ್ತವೆ. ಹಣ್ಣಿನ ತಿರುಳು ಕೆಡದಿದ್ದರೂ ಕಪ್ಪುಕಲೆ ಬಿದ್ದ ಹಣ್ಣಿಗೆ ಮಂಡಿಯಲ್ಲಿ ಬೆಲೆ ಇಳಿಯುತ್ತದೆ. ಸಿಪ್ಪೆಗೆ ಅಂಟಿದ ಸೊನೆಯನ್ನು ನಿಂಬೆಯಿಂದ ತಡೆಯಲಾಗದು. ಕಾಯನ್ನು ಒಂದಿಷ್ಟು ತೊಟ್ಟುಸಮೇತ ಕೊಯ್ದು, ಆಮೇಲೆ ತೊಟ್ಟು ಮುರಿದು, ತಲೆಕೆಳಗಾಗಿ ನಿಲ್ಲಿಸಿ ಸೊನೆಯನ್ನು ಬಸಿಯಬಿಡುವ ಪದ್ಧತಿಯೇ ಸರಿ. ಆಗ ಸೊನೆ ಸಿಪ್ಪೆಗೆ ತಗಲುವುದಿಲ್ಲ, ಕೋಶಗಳು ಒಡೆಯುವುದಿಲ್ಲ.