ಮಗುವಿನ ಲಂಗೋಟಿಯ ಲೆಕ್ಕ

ಹಿತ್ತಿಲಿನ ಹಗ್ಗದ ಮೇಲೆ ಮೊಳದುದ್ದದ ಬಿಳಿಯ ಬಟ್ಟೆಗಳು ಸಾಲುಸಾಲಾಗಿ ಒಣಗುತ್ತಿದ್ದರೆ ಆ ಮನೆಯಲ್ಲಿ ಬಾಣಂತಿಯಿದ್ದಾಳೆಂಬುದು ಕೇಳದೆಯೇ ಬೀದಿಗೆಲ್ಲ ತಿಳಿಯುತ್ತಿದ್ದ ಕಾಲವೊಂದಿತ್ತು. ಅಜ್ಜನ ಹಳೆಯ ಪಂಚೆ, ಅಜ್ಜಿಯ ಸವೆದ ನೂಲಿನ ಸೀರೆ, ಇವೇ ಮನೆಗೆ ಬಂದ ಹೊಸ ಜೀವಕ್ಕೆ ಮೊದಲ ಉಡುಪಾಗುತ್ತಿದ್ದುವು. ಇಂದು ಅನೇಕ ಮನೆಗಳಲ್ಲಿ ಆ ಹಗ್ಗ ಬರಿದಾಗಿದೆ. ಅದರ ಬದಲು ಔಷಧದ ಅಂಗಡಿಗಳ ಮುಂದೆ ಡಯಾಪರಿನ ಹೊಳೆಯುವ ಪೊಟ್ಟಣಗಳು ತೂಗಾಡುತ್ತಿವೆ.

ಇದರೊಡನೆ ಮನೆಮನೆಯಲ್ಲಿಯೂ ಒಂದು ವಾದ ಹುಟ್ಟಿಕೊಂಡಿದೆ. “ಕೂಸನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡುತ್ತೀಯಲ್ಲೇ, ಅದರ ಮೈ ಏನಾಗಬೇಡ?” ಎಂದು ಅಜ್ಜಿ ಕೇಳುತ್ತಾಳೆ. “ದಿನಕ್ಕೆ ಇಪ್ಪತ್ತು ಬಟ್ಟೆ ಒಗೆಯುವವರು ಯಾರಮ್ಮ? ರಾತ್ರಿ ನಾಲ್ಕು ಸಲ ಏಳುವವರು ಯಾರು?” ಎಂದು ಮಗಳು ಮರುಪ್ರಶ್ನೆ ಹಾಕುತ್ತಾಳೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದುದರಿಂದ ನಾವು ಮೊದಲೇ ಯಾರ ಪಕ್ಷವನ್ನೂ ವಹಿಸದೆ, ಎರಡು ಬಗೆಯ ಲಂಗೋಟಿಯನ್ನೂ ವಿಜ್ಞಾನದ ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ. ತೂಗಬೇಕಾದುವು ಮೂರು: ಮಗುವಿನ ಚರ್ಮ, ನೀರು ಮತ್ತು ಇಂಧನ, ಈ ಕೆಲಸದಲ್ಲಿ ತೊಡಗುವ ಮನುಷ್ಯರ ಕೈಗಳು. ಮೂರನೆಯದನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ.

ನೀರನ್ನು ಹಿಡಿಯುವ ಎರಡು ಉಪಾಯಗಳು

ಲಂಗೋಟಿಯ ಮುಖ್ಯ ಕೆಲಸ ದ್ರವವನ್ನು ಹೀರಿ ಹಿಡಿದುಕೊಳ್ಳುವುದು. ಹತ್ತಿಯ ಬಟ್ಟೆ ಈ ಕೆಲಸವನ್ನು ದೀಪದ ಬತ್ತಿಯಂತೆ ಮಾಡುತ್ತದೆ. ಹತ್ತಿಯ ಎಳೆ ಬಹುಮಟ್ಟಿಗೆ ಸೆಲ್ಯುಲೋಸ್ ಎಂಬ ವಸ್ತುವಿನಿಂದಾದುದು. ಈ ವಸ್ತುವಿಗೆ ನೀರಿನ ಅಣುಗಳ ಮೇಲೆ ಬಲವಾದ ಸೆಳೆತವುಂಟು. ಎಳೆ ಎಳೆಗಳ ನಡುವಣ ಸೂಕ್ಷ್ಮವಾದ ಸಂದುಗಳ ಮೂಲಕ, ಬತ್ತಿಯಲ್ಲಿ ಎಣ್ಣೆ ಏರುವಂತೆ, ದ್ರವ ಹರಡಿಕೊಳ್ಳುತ್ತದೆ. ಹಸಿ ಹತ್ತಿಯ ಎಳೆಯ ಮೇಲೆ ಮೇಣದ ತೆಳುವಾದ ಲೇಪವಿರುತ್ತದೆ. ಹೊಸ ಬಟ್ಟೆಗೆ ಗಂಜಿ ಹಾಕಿರುವುದೂ ಉಂಟು. ಇವೆರಡೂ ನೀರನ್ನು ತಡೆಯತಕ್ಕವು. ಹತ್ತಾರು ಸಲ ಒಗೆದ ಬಟ್ಟೆಯಲ್ಲಿ ಈ ತಡೆಗಳು ಕಳೆದುಹೋಗಿ ಎಳೆಗಳು ಮೃದುವಾಗಿರುತ್ತವೆ. ಹೊಸ ಬಟ್ಟೆಯನ್ನು ಬಿಟ್ಟು ಹಳೆಯ ಪಂಚೆಯನ್ನೇ ಆರಿಸುತ್ತಿದ್ದ ಅಜ್ಜಿಯ ಅನುಭವಕ್ಕೆ ಹೀಗೆ ವಿಜ್ಞಾನದ ಬೆಂಬಲವುಂಟು. ಆದರೆ ಬಟ್ಟೆಯ ಕೊರತೆಯೂ ಇಲ್ಲಿಯೇ ಇದೆ. ನೀರು ಸಂದುಗಳಲ್ಲಿ ಸಡಿಲವಾಗಿ ನಿಂತಿರುವುದರಿಂದ, ಮಗು ಅದರ ಮೇಲೆ ಕುಳಿತೊಡನೆ ಒತ್ತಡಕ್ಕೆ ಹೊರಬಂದು ಮತ್ತೆ ಚರ್ಮವನ್ನೇ ತೋಯಿಸುತ್ತದೆ.

ಬಿಸಾಡುವ ಡಯಾಪರಿನ ಕಥೆ ಬೇರೆ. 1940ರ ದಶಕದಲ್ಲಿ ಮೇರಿಯನ್ ಡೊನೊವನ್ ಎಂಬ ಅಮೆರಿಕದ ಮಹಿಳೆ ಸ್ನಾನಗೃಹದ ಪರದೆಯನ್ನು ಕತ್ತರಿಸಿ ಬಟ್ಟೆಯ ಲಂಗೋಟಿಗೆ ನೀರು ಸೋರದ ಹೊರಕವಚವೊಂದನ್ನು ಹೊಲಿದಳು. 1951ರಲ್ಲಿ ಆಕೆಗೆ ಅದರ ಪೇಟೆಂಟ್ ದೊರೆಯಿತು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ ವಿಕ್ಟರ್ ಮಿಲ್ಸ್ ಮತ್ತು ಅವರ ಸಂಗಡಿಗರ ಪ್ರಯತ್ನದ ಫಲವಾಗಿ 1961ರಲ್ಲಿ ಪ್ಯಾಂಪರ್ಸ್ ಎಂಬ, ಒಮ್ಮೆ ಬಳಸಿ ಎಸೆಯುವ ಡಯಾಪರ್ ಅಮೆರಿಕದ ಪಿಯೋರಿಯಾ ನಗರದಲ್ಲಿ ಪ್ರಾಯೋಗಿಕವಾಗಿ ಮಾರಾಟಕ್ಕೆ ಬಂದಿತು. ಆಗ ಅದರ ಒಡಲಲ್ಲಿದ್ದುದು ಮರದ ತಿರುಳಿನಿಂದಾದ ಕಾಗದದಂಥ ಹೀರುಪದರ. ಮರದ ತಿರುಳೂ ಸೆಲ್ಯುಲೋಸೇ. ಆದುದರಿಂದ ಬಟ್ಟೆಯ ಕೊರತೆ ಅದಕ್ಕೂ ತಪ್ಪಿರಲಿಲ್ಲ.

ಆ ಕೊರತೆಯನ್ನು ನೀಗಿಸಿದ ವಸ್ತುವಿನ ಮೂಲವನ್ನು ಕೃಷಿಯಲ್ಲಿ ಕಾಣುತ್ತೇವೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಹೊಲದ ಮಣ್ಣಿನಲ್ಲಿ ನೀರನ್ನು ಹಿಡಿದಿಡುವ ಪದಾರ್ಥಕ್ಕಾಗಿ 1960ರ ದಶಕದಲ್ಲಿ ಹುಡುಕುತ್ತಿದ್ದರು. ಆ ಹುಡುಕಾಟ ಬೆಳೆದು ಅತಿಹೀರುಕ ಪಾಲಿಮರುಗಳ ಒಂದು ಕುಟುಂಬವೇ ಹುಟ್ಟಿತು. ಅವುಗಳಲ್ಲೊಂದಾದ ಸೋಡಿಯಂ ಪಾಲಿಅಕ್ರಿಲೇಟ್ 1980ರ ದಶಕದಲ್ಲಿ ಡಯಾಪರಿನ ಒಡಲನ್ನು ಸೇರಿತು. ಇಂದಿನ ಡಯಾಪರಿನಲ್ಲಿ ಚರ್ಮಕ್ಕೆ ತಾಗುವ ಮೇಲುಪದರ ಪ್ಲಾಸ್ಟಿಕ್ಕಿನ ಎಳೆಗಳದು. ನಡುವೆ ಮರದ ತಿರುಳು ಮತ್ತು ಈ ಪಾಲಿಮರಿನ ಹರಳುಗಳು. ಹೊರಗೆ ಸೋರದಂತೆ ತಡೆಯುವ ಪ್ಲಾಸ್ಟಿಕ್ ಹಾಳೆ.

ಈ ಹರಳುಗಳ ಚಮತ್ಕಾರವನ್ನು ವಾಚಕರು ಮನೆಯಲ್ಲಿಯೇ ನೋಡಬಹುದು. ಬಳಸದ ಡಯಾಪರೊಂದನ್ನು ಕತ್ತರಿಸಿ, ಒಳಪದರವನ್ನು ಒಂದು ಚೀಲದಲ್ಲಿಟ್ಟು ಒದರಿದರೆ ಸಕ್ಕರೆಯಂಥ ಹರಳುಗಳು ಉದುರುತ್ತವೆ. ಅವುಗಳಲ್ಲಿ ಒಂದು ಚಮಚದಷ್ಟನ್ನು ಲೋಟಕ್ಕೆ ಹಾಕಿ ಅರ್ಧ ಲೋಟ ನೀರನ್ನು ಸುರಿಯಿರಿ. ನೋಡನೋಡುತ್ತಿದ್ದಂತೆ ನೀರೆಲ್ಲ ಗಟ್ಟಿಯಾದ ಲೋಳೆಯಾಗುತ್ತದೆ. ಬೆರಳಿನಿಂದ ಒತ್ತಿದರೂ ನೀರು ಹೊರಬಾರದು. ಈಗ ಒಂದು ಚಮಚ ಉಪ್ಪನ್ನು ಹಾಕಿ ಕಲಕಿರಿ. ಲೋಳೆ ಕರಗಿ ನೀರು ಬಿಟ್ಟುಕೊಳ್ಳುತ್ತದೆ. ಕಾರಣವಿಷ್ಟೆ: ಪಾಲಿಮರಿನ ಬಲೆಯೊಳಗೆ ಸೋಡಿಯಂ ಕಣಗಳು ದಟ್ಟವಾಗಿರುತ್ತವೆ, ಒಳಗಿನ ಮತ್ತು ಹೊರಗಿನ ಸಾಂದ್ರತೆಯನ್ನು ಸರಿದೂಗಿಸಲು ನೀರು ಒಳನುಗ್ಗುತ್ತದೆ. ಹೊರಗಡೆಯೇ ಉಪ್ಪು ಹೆಚ್ಚಿದರೆ ಆ ಸೆಳೆತ ಕುಗ್ಗುತ್ತದೆ. ಶುದ್ಧ ನೀರನ್ನು ತನ್ನ ತೂಕದ ನೂರಾರು ಪಾಲು ಹೀರಬಲ್ಲ ಈ ವಸ್ತು, ಉಪ್ಪಿನಂಶವುಳ್ಳ ಮೂತ್ರವನ್ನು ಹಲವು ಹತ್ತು ಪಾಲು ಮಾತ್ರ ಹೀರುವುದೂ ಇದೇ ಕಾರಣದಿಂದ. (ಹರಳು ಕಣ್ಣಿಗೆ, ಬಾಯಿಗೆ ಹೋಗದಂತೆ ಎಚ್ಚರ ವಹಿಸಬೇಕು, ಲೋಳೆಯನ್ನು ಬಚ್ಚಲಿಗೆ ಸುರಿಯಬಾರದು.)

ಚರ್ಮ ಕೆಂಪಾಗುವುದೇಕೆ?

ಅಜ್ಜಿಯ ಆಕ್ಷೇಪಣೆಗೆ ಬರೋಣ. ಲಂಗೋಟಿಯ ಜಾಗದಲ್ಲಿ ಮಗುವಿನ ಚರ್ಮ ಕೆಂಪಾಗಿ ಉರಿಯುವುದು ಡಯಾಪರಿನಿಂದ ಬಂದ ಹೊಸ ರೋಗವೇನೂ ಅಲ್ಲ. ಬಟ್ಟೆಯ ಕಾಲದಲ್ಲಿಯೂ ಅದು ಇದ್ದಿತು. ಮೂತ್ರದ ಅಮೋನಿಯವೊಂದೇ ಇದಕ್ಕೆ ಕಾರಣವೆಂದು ವೈದ್ಯರು ಬಹುಕಾಲ ನಂಬಿದ್ದರು. 1970 ಮತ್ತು 1980ರ ದಶಕಗಳ ಪ್ರಯೋಗಗಳು ವಿಷಯ ಇನ್ನೂ ಜಟಿಲವೆಂಬುದನ್ನು ತೋರಿಸಿಕೊಟ್ಟುವು.

ಬಹುಹೊತ್ತು ಒದ್ದೆಯಾಗಿದ್ದ ಚರ್ಮದ ಹೊರಪದರ ಮೆತ್ತಗಾಗಿ, ಉಜ್ಜಿದರೆ ಬೇಗನೆ ಸುಲಿಯುತ್ತದೆ. ಇದು ಮೊದಲನೆಯ ಹೆಜ್ಜೆ. ಮೂತ್ರದೊಡನೆ ಮಲ ಸೇರಿದಾಗ, ಮಲದಲ್ಲಿರುವ ಏಕಾಣುಜೀವಿಗಳು ಮೂತ್ರದ ಯೂರಿಯವನ್ನು ಒಡೆದು ಅಮೋನಿಯವನ್ನುಂಟುಮಾಡುತ್ತವೆ. ಸಹಜವಾಗಿ ತುಸು ಆಮ್ಲೀಯವಾಗಿರುವ ಚರ್ಮದ ಮೇಲ್ಮೈ ಇದರಿಂದ ಕ್ಷಾರೀಯವಾಗುತ್ತದೆ. ಇಂಥ ಸ್ಥಿತಿಯಲ್ಲಿ ಮಲದೊಳಗಿನ ಕಿಣ್ವಗಳು, ಎಂದರೆ ಆಹಾರದ ಸಸಾರಜನಕವನ್ನೂ ಕೊಬ್ಬನ್ನೂ ಕರಗಿಸತಕ್ಕ ಜೀರ್ಣರಸಗಳು, ಚುರುಕಾಗಿ ಮಗುವಿನ ಚರ್ಮವನ್ನೇ ತಿನ್ನತೊಡಗುತ್ತವೆ. ಆದುದರಿಂದ ಅಪರಾಧಿ ಬಟ್ಟೆಯೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಒದ್ದೆ, ಮಲ ಮತ್ತು ಕಳೆದ ಹೊತ್ತು, ಈ ಮೂರರ ಕೂಟ.

ಈ ದೃಷ್ಟಿಯಿಂದ ನೋಡಿದರೆ ಎರಡಕ್ಕೂ ಒಂದೊಂದು ಗುಣ, ಒಂದೊಂದು ದೋಷ. ಡಯಾಪರ್ ಮೂತ್ರವನ್ನು ಚರ್ಮದಿಂದ ದೂರವಿಡುತ್ತದೆ. ಅದರಿಂದ ರಾತ್ರಿಯ ನಿದ್ರೆಗೆ ಅನುಕೂಲ. ಆದರೆ ಒದ್ದೆಯಾದುದು ತಾಯಿಗೂ ಮಗುವಿಗೂ ತಿಳಿಯದಿರುವುದರಿಂದ ‘ಇನ್ನೂ ತುಂಬಿಲ್ಲ’ವೆಂದು ಗಂಟೆಗಟ್ಟಲೆ ಬಿಡುವ ಪ್ರಲೋಭನೆಯುಂಟು, ಮಲವನ್ನು ಯಾವ ಹರಳೂ ಹೀರಲಾರದು. ಬಟ್ಟೆ ಬೇಗ ತೋಯುತ್ತದೆ. ಆದರೆ ತೋಯ್ದುದನ್ನು ಕೂಡಲೇ ಹೇಳಿಬಿಡುತ್ತದೆ. ಕೂಡಲೇ ಬದಲಾಯಿಸುವವರಿದ್ದರೆ ಬಟ್ಟೆಯಲ್ಲಿ ಗಾಳಿಯಾಡಿ ಚರ್ಮ ಸುಖವಾಗಿರುತ್ತದೆ. ಇಲ್ಲದಿದ್ದರೆ ಅದೇ ಶಿಕ್ಷೆ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಚಡ್ಡಿಯನ್ನು ಹಾಕಿದರೆ ಗಾಳಿಯ ಲಾಭವೂ ಹೋಯಿತು. ಕೆಂಪು ಎರಡು ಮೂರು ದಿನಗಳಲ್ಲಿ ಇಳಿಯದಿದ್ದರೆ, ಅಥವಾ ತೊಡೆಯ ಸಂದಿಗೂ ಹಬ್ಬಿ ಸುತ್ತ ಚುಕ್ಕೆಗಳೆದ್ದರೆ, ಶಿಲೀಂಧ್ರದ ಸೋಂಕಿರಬಹುದು, ವೈದ್ಯರಿಗೆ ತೋರಿಸಬೇಕು.

ನೀರು, ಬಿಸಿಲು, ವಿದ್ಯುತ್ತು

ಈಗ ಎರಡನೆಯ ತೂಕ. ದಿನಕ್ಕೆ 5 ಡಯಾಪರುಗಳಂತೆ ಎರಡು ವರ್ಷಕ್ಕೆ 3,650 ಆಗುತ್ತವೆ. ಒಂದಕ್ಕೆ 10 ರೂಪಾಯಿ ಎಂದು ಹಿಡಿದರೂ 36,500 ರೂಪಾಯಿ. ಬಳಸಿದ ಒಂದೊಂದೂ 150 ಗ್ರಾಂ ತೂಗುವುದೆಂದರೆ ಒಟ್ಟು ಸುಮಾರು 550 ಕಿಲೋಗ್ರಾಂ ಕಸ; 12 ಕಿಲೋಗ್ರಾಂ ತೂಗುವ ಎರಡು ವರ್ಷದ ಮಗು ತನ್ನ ತೂಕದ ನಲವತ್ತೈದು ಪಾಲು ಕಸವನ್ನು ಹಿಂದೆ ಬಿಟ್ಟಂತಾಯಿತು. ಇನ್ನು ಬಟ್ಟೆ. ಒಗೆಯಲು ದಿನಕ್ಕೆ 15 ಲೀಟರಿನ 3 ಬಕೆಟ್ ನೀರು ಬೇಕೆಂದರೆ ಎರಡು ವರ್ಷಕ್ಕೆ ಸುಮಾರು 33,000 ಲೀಟರ್. 6,000 ಲೀಟರಿನ ಐದಾರು ಟ್ಯಾಂಕರುಗಳಷ್ಟು. ಇಲ್ಲಿ ಹಿಡಿದ ಬೆಲೆ, ತೂಕ, ನೀರು ಇವೆಲ್ಲ ನಮ್ಮ ಅಂದಾಜು. ವಾಚಕರು ತಮ್ಮ ಮನೆಯ ಅಂಕಿಗಳನ್ನಿಟ್ಟು ಇದೇ ಲೆಕ್ಕವನ್ನು ಮಾಡಿಕೊಳ್ಳಬಹುದು.

ಬಟ್ಟೆಯೆಂದರೆ ಪ್ರಕೃತಿಗೆ ಸದಾ ಹಿತವೆಂದು ಹೇಳಿಬಿಡುವಂತೆಯೂ ಇಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮಗುವಿನ ಮೊದಲ ಎರಡೂವರೆ ವರ್ಷಗಳಲ್ಲಿ ಎರಡು ಬಗೆಯ ಲಂಗೋಟಿಗಳಿಂದಲೂ ವಾತಾವರಣವನ್ನು ಸೇರುವ ಇಂಗಾಲಾಮ್ಲವನ್ನು ಅಳೆಯಿತು. ಬಿಸಾಡುವ ಡಯಾಪರಿಗೆ ಸುಮಾರು 550 ಕಿಲೋಗ್ರಾಂ. ಯಂತ್ರದಲ್ಲಿ ಒಗೆದು ಸಾಧಾರಣ ಕ್ರಮದಲ್ಲಿ ಒಣಗಿಸಿದ ಬಟ್ಟೆಗೆ ಸುಮಾರು 570 ಕಿಲೋಗ್ರಾಂ. ಎಂದರೆ ಬಹುಮಟ್ಟಿಗೆ ಸರಿಸಮ! ಆದರೆ ಯಂತ್ರವನ್ನು ಚೆನ್ನಾಗಿ ತುಂಬಿ ಒಗೆದು, ಬಯಲಿನ ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಅದೇ ಬಟ್ಟೆಗಳನ್ನು ಬಳಸಿದರೆ ಬಟ್ಟೆಯ ಪಾಲು ಶೇಕಡಾ 40ರಷ್ಟು ಇಳಿಯುವುದೆಂದೂ, ಒಣಗಿಸುವ ಯಂತ್ರವನ್ನೇ ಸದಾ ನಂಬಿದರೆ ಬಹಳವಾಗಿ ಏರುವುದೆಂದೂ ಅದೇ ಅಧ್ಯಯನದಿಂದ ತಿಳಿಯಿತು. ಬ್ರಿಟಿಷ್ ಸರ್ಕಾರಕ್ಕಾಗಿ ಸಿದ್ಧವಾಗಿ 2023ರಲ್ಲಿ ಹೊರಬಂದ ಹೊಸ ಅಧ್ಯಯನ, ಬಟ್ಟೆಯ ಪಾಲು ಡಯಾಪರಿಗಿಂತ ಸುಮಾರು ಶೇಕಡಾ 25ರಷ್ಟು ಕಡಿಮೆಯೆಂದು ಕಂಡುಕೊಂಡಿತು. ಹೀಗೆ ಬಟ್ಟೆಯ ಹೆಚ್ಚಳ ಬಟ್ಟೆಯಲ್ಲಿಲ್ಲ, ಅದನ್ನು ಒಗೆದು ಒಣಗಿಸುವ ಕ್ರಮದಲ್ಲಿದೆ.

ನಮ್ಮ ನಾಡಿನ ಬಿಸಿಲು ಈ ವಿಷಯದಲ್ಲಿ ದೊಡ್ಡ ಸಂಪತ್ತು. ಅದು ಬಟ್ಟೆಯನ್ನು ಬಿಟ್ಟಿಯಾಗಿ ಒಣಗಿಸುವುದಲ್ಲದೆ, ತನ್ನ ಅತಿನೇರಳೆ ಕಿರಣಗಳಿಂದ ಅನೇಕ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಆದರೆ ಆಷಾಢದ ಮಲೆನಾಡಿನಲ್ಲಿ ಬಟ್ಟೆಗೆ ಬಚ್ಚಲೊಲೆಯ ಕಾವೇ ಗತಿ. ಬೆಂಗಳೂರಿನಲ್ಲಿ ಬಿಸಿಲಿದ್ದರೂ ನೀರಿನ ಕಷ್ಟ. ಆ ನಗರಕ್ಕೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಏರಿ ಬರುತ್ತದೆ. ಅಲ್ಲಿ ಒಂದು ಬಕೆಟ್ ನೀರೆಂದರೆ ವಿದ್ಯುತ್ತೂ ಹೌದು. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿಗೆ ಕಾದು ನಿಂತ ಮನೆಗಳಿಗೆ ಬಟ್ಟೆಯ ಗುಣಗಾನ ಎಷ್ಟು ರುಚಿಸೀತು?

ಕೊನೆಗೆ ಯಾರ ಕೈ?

ಮೂರನೆಯ ತೂಕಕ್ಕೆ ಅಂಕಿಯಿಲ್ಲ. ಬಟ್ಟೆಯನ್ನು ಆರಿಸಿಕೊಂಡಾಗ ಒಗೆಯುವ ಕೈ ಸಾಮಾನ್ಯವಾಗಿ ಬಾಣಂತಿಯದು, ಅಜ್ಜಿಯದು, ಇಲ್ಲವೇ ಕೆಲಸದಾಕೆಯದು. ‘ಬಟ್ಟೆಯೇ ಒಳ್ಳೆಯದು’ ಎಂದು ಮನೆಯ ಯಜಮಾನರು ತೀರ್ಪು ಕೊಡುವುದು ಸುಲಭ. ಬಕೆಟಿನ ಮುಂದೆ ತಾವೂ ಕುಳಿತರೆ ಆ ಮಾತಿಗೆ ತೂಕ ಬಂದೀತು.

ಡಯಾಪರನ್ನು ಆರಿಸಿಕೊಂಡರೆ ಆ ಕೆಲಸ ಇಲ್ಲವಾಗುವುದಿಲ್ಲ. ನಮ್ಮ ಕಣ್ಣಿಗೆ ಕಾಣದ ಕೈಗೆ ವರ್ಗವಾಗುತ್ತದೆ, ಅಷ್ಟೆ. ಹಸುಗೂಸಿನ ಮಲದಿಂದ ಕೇಡಿಲ್ಲವೆಂಬುದು ನಮ್ಮಲ್ಲಿ ಬಹುಜನರ ನಂಬಿಕೆ. ಅದು ತಪ್ಪು. ಭೇದಿಯನ್ನುಂಟುಮಾಡುವ ರೋಟಾವೈರಸ್ಸಿನಂಥ ರೋಗಾಣುಗಳು ಅದರಲ್ಲಿ ಹೇರಳವಾಗಿರಬಹುದು. ಹಸಿಕಸದೊಳಗೆ ತುರುಕಿದ ಡಯಾಪರನ್ನು ಕೈಯಿಂದ ಬೇರ್ಪಡಿಸಬೇಕಾದವರು ಪೌರಕಾರ್ಮಿಕರು. ಈ ಕಾರಣದಿಂದಲೇ ಭಾರತ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು, ಬಳಸಿದ ಡಯಾಪರನ್ನು ಭದ್ರವಾಗಿ ಸುತ್ತಿ ಕೊಡತಕ್ಕದ್ದೆಂದು ವಿಧಿಸಿದುವು. ಬೆಂಗಳೂರಿನಲ್ಲಿ ಹಸಿಕಸಕ್ಕೆ ಹಸಿರು ಬುಟ್ಟಿ, ಡಯಾಪರಿನಂಥ ಕಸಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ ಎಂಬ ಕ್ರಮವನ್ನು 2015ರಲ್ಲಿ ಹೈಕೋರ್ಟು ಆದೇಶಿಸಿತು. ಕಸದ ಗಾಡಿಯೇ ಬಾರದ ಹಳ್ಳಿಯಲ್ಲಾದರೋ ಡಯಾಪರು ಸೇರುವುದು ತಿಪ್ಪೆಯನ್ನು, ಕೆರೆಯ ಏರಿಯನ್ನು, ಇಲ್ಲವೆ ಬೆಂಕಿಯನ್ನು. ಅದರ ಪ್ಲಾಸ್ಟಿಕ್ ಮಣ್ಣಿನಲ್ಲಿ ತಲೆಮಾರುಗಳು ಕಳೆದರೂ ಕೊಳೆಯದು. ಉರಿಸಿದರೆ ವಿಷಕರವಾದ ಹೊಗೆ.

ಹಾಗಾದರೆ ಯಾವುದು?

ಇಷ್ಟನ್ನೆಲ್ಲ ತೂಗಿದ ಮೇಲೆ ನಮಗೆ ತೋರುವುದಿದು: ಎಲ್ಲ ಮನೆಗೂ ಒಪ್ಪುವ ಒಂದೇ ಉತ್ತರವಿಲ್ಲ. ಬಾವಿಯ ನೀರು, ಅಂಗಳದ ಬಿಸಿಲು, ನೆರವಿಗೆ ಜನ ಇರುವ ಹಳ್ಳಿಯ ಮನೆಯಲ್ಲಿ ಬಟ್ಟೆಯೇ ಸರಿ; ಕಸದ ಗಾಡಿ ಬಾರದೆಡೆಯಲ್ಲಂತೂ ಅದೇ ಸರಿ. ನಗರದ ಮೂರನೆಯ ಮಹಡಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದು ಇಬ್ಬರೂ ದುಡಿಯುವವರಾದರೆ, ಹಗಲು ಬಟ್ಟೆ, ರಾತ್ರಿ ಮತ್ತು ಪ್ರಯಾಣಕ್ಕೆ ಡಯಾಪರ್ ಎಂಬ ಮಧ್ಯಮಾರ್ಗ ಹಿತವಾದುದು. ಇದರಿಂದಲೇ ದಿನದ ಐದು ಡಯಾಪರುಗಳು ಒಂದೆರಡಕ್ಕೆ ಇಳಿದಾವು.

ಬಟ್ಟೆಯಾದರೆ ಮಲವನ್ನು ಮೊದಲು ಶೌಚಾಲಯದಲ್ಲಿ ತೊಳೆದು, ಸೋಪು ಹಾಕಿದ ಬಿಸಿನೀರಿನಲ್ಲಿ ಒಗೆದು, ಸೋಪಿನಂಶ ಉಳಿಯದಂತೆ ಎರಡು ಸಲ ಜಾಲಿಸಿ ಬಿಸಿಲಿಗೆ ಹರವಬೇಕು. ಡಯಾಪರಾದರೆ ಮೂರು ನಾಲ್ಕು ಗಂಟೆಗೊಮ್ಮೆ, ಮಲವಾದ ಕೂಡಲೇ, ಬದಲಾಯಿಸಬೇಕು. ಮಲವನ್ನು ಶೌಚಾಲಯಕ್ಕೆ ಬೀಳಿಸಿ, ಕಾಗದದಲ್ಲಿ ಭದ್ರವಾಗಿ ಸುತ್ತಿ, ಗುರುತು ಹಾಕಿ ಬೇರೆಯಾಗಿ ಕೊಡಬೇಕು. ಎರಡರಲ್ಲಿಯೂ ದಿನಕ್ಕೆ ಸ್ವಲ್ಪ ಹೊತ್ತು ಮಗುವನ್ನು ಬರಿಮೈಯಲ್ಲಿ ಗಾಳಿಗೆ ಬಿಡಬೇಕು. ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಕೂಸನ್ನು ಪಾದಗಳ ಮೇಲೆ ಕೂರಿಸಿಕೊಂಡು ‘ಸುಸ್’ ಎನ್ನುವ ಅಜ್ಜಿಯ ಪದ್ಧತಿಯನ್ನೂ ಬಿಡಬೇಕಾಗಿಲ್ಲ. ಆಗ ಒಂದು ಬಟ್ಟೆಯೋ ಒಂದು ಡಯಾಪರೋ ಉಳಿಯುತ್ತದೆ.

ಅಂಗಡಿಯಲ್ಲಿ ಪೊಟ್ಟಣವನ್ನು ಕೈಗೆತ್ತಿಕೊಳ್ಳುವಾಗಲೂ, ಹಳೆಯ ಪಂಚೆಯನ್ನು ಹರಿಯುವಾಗಲೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಕೊನೆಗೆ ಮುಟ್ಟುವವರು ಯಾರು? ಆ ಕೈಯನ್ನು ನೆನೆದು ಆರಿಸಿದ ಲಂಗೋಟಿ ಯಾವುದಾದರೂ ಮಗುವಿಗೆ ಒಪ್ಪೀತು.